ಎಡಕ್ಕೆ ವಾಲಿದ ಸೀಳು

ಮರ ಕೊಯ್ಯುವವರ ಕೈಯೂ ಬರೆಯುವವರ ಕೈಯ ಹಾಗೆಯೇ. ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಬಲಗೈಯವರು ಗರಗಸ ಎಳೆದರೆ ಸೀಳು ಕೆಳಗಿಳಿಯುತ್ತ ಕೂದಲೆಳೆಯಷ್ಟು ಬಲಕ್ಕೆ ವಾಲುತ್ತದೆ, ಎಡಗೈಯವರದು ಎಡಕ್ಕೆ. ಎಷ್ಟೇ ಪಳಗಿದ ಕೈಯಾದರೂ ಈ ವಾಲು ತಪ್ಪುವುದಿಲ್ಲ. ಬೆಟ್ಟದ ಕಾಲುದಾರಿಗೆ ಅಡ್ಡ ಬಿದ್ದ ಮರಗಳನ್ನು ಮಡಚುವ ಗರಗಸದಿಂದ ಕೊಯ್ದು ಪಕ್ಕಕ್ಕೆ ಉರುಳಿಸುವ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದ ತಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕ ‘ತಮ್ಮಾ’ ಎಂದು ಕರೆಯುತ್ತಿದ್ದಳು, ದಾರಿ ನೋಡಿಕೊಳ್ಳುವ ಆಫೀಸಿನವರೂ ಹಾಗೇ ಕರೆದರು, ನಲವತ್ತು ದಾಟಿದರೂ ಅವನು ಊರಿಗೆಲ್ಲ ತಮ್ಮನಾಗಿಯೇ ಉಳಿದ.

ಆ ಬೆಟ್ಟದಲ್ಲಿ ಎಡಕ್ಕೆ ವಾಲಿದ ಸೀಳು ಹಾಕುತ್ತಿದ್ದವರು ಒಬ್ಬರೇ, ಅವನ ಭಾವ. ಭಾವ ಸತ್ತು ಹನ್ನೊಂದು ತಿಂಗಳಾಗಿತ್ತು. ಈಗ, ಮಂಗಳವಾರ ಬೆಳಿಗ್ಗೆ, ತಮ್ಮನ ಕಾಲ ಬಳಿ ತೋಳು ದಪ್ಪದ ಒಂದು ಮರ ಎರಡು ತುಂಡಾಗಿ ದಾರಿಯ ಆಚೆ ಒಂದು, ಈಚೆ ಒಂದು ಬಿದ್ದಿತ್ತು. ಸೀಳು ಎಡಕ್ಕೆ ವಾಲಿತ್ತು. ಕೆಳಗೆ ಉದುರಿದ ಪುಡಿ ಇನ್ನೂ ಹಸಿಯಾಗಿತ್ತು.

ಅದಷ್ಟೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಲೋಕದಲ್ಲಿ ಎಡಗೈಯವರಿಗೇನು ಬರವೇ? ಆದರೆ ಕೊಯ್ದ ಮುಖದ ಅಂಚಿನ ಸಿಬಿರನ್ನೆಲ್ಲ ಯಾರೋ ಹೆರೆದಿದ್ದರು, ದಾರಿಹೋಕರ ಬಟ್ಟೆಗೆ ಸಿಕ್ಕಬಾರದೆಂದು. ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಕಲ್ಲೊಂದನ್ನು ಇಟ್ಟಿದ್ದರು. ಅದು ಭಾವನ ಗುರುತು. ಕೆಲಸ ಮುಗಿಯಿತು, ತಿರುಗಿ ನೋಡಿದ್ದೂ ಆಯಿತು ಎಂದು ಅದರ ಅರ್ಥ. ಮೂರು ವಾರದಲ್ಲಿ ತಮ್ಮನಿಗೆ ಸಿಕ್ಕ ಐದನೆಯ ಕಲ್ಲು ಅದು.

ಅವನು ಆಫೀಸಿಗೆ ಹೋಗಿ ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ಎಂದರೆ ದಾರಿಗಳ ಉಸ್ತುವಾರಿಯವನು, ದಪ್ಪ ಮನುಷ್ಯ. ಕಬ್ಬಿಣದ ಮೇಜಿನ ಹಿಂದೆ ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು.

“ಮೇಸ್ತ್ರಿ, ನನ್ನ ಕಡೆ ಬೇರೆ ಯಾರನ್ನಾದ್ರೂ ಕೆಲಸಕ್ಕೆ ಬಿಟ್ಟಿದ್ದೀರಾ?”

“ಯಾರನ್ನಪ್ಪಾ ಬಿಡ್ಲಿ? ಇನ್ನೊಂದು ಆಳು ಕೊಡಿ ಅಂತ ನಿನ್ನ ಭಾವ ಇದ್ದಾಗಿಂದ ಬಾಯಿ ಬಡ್ಕೊತಾ ಇದ್ದೀನಿ. ಈಗ ದೆವ್ವ ಬಂದು ಕುಯ್ತೀನಿ ಅಂದ್ರೂ ಹಾಜರಿ ಹಾಕ್ಕೊತೀನಿ ನೋಡು.”

ಮೇಸ್ತ್ರಿ ತನ್ನ ತಮಾಷೆಗೆ ತಾನೇ ನಕ್ಕ. ತಮ್ಮನೂ ನಕ್ಕ. ಆದರೆ ಅವನ ಅಂಗೈ ಬೆವರಿ, ಹಿಡಿದಿದ್ದ ಟೋಪಿ ಒದ್ದೆಯಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ.

ಏಕೆಂದರೆ ಭಾವ ಹೇಗೆ ಸತ್ತರೆಂದು ಊರಿಗೆ ಗೊತ್ತಿದ್ದದ್ದು ಒಂದು, ತಮ್ಮನಿಗೆ ಗೊತ್ತಿದ್ದದ್ದು ಇನ್ನೊಂದು.

ಅವರ ಕೆಲಸದ ಕ್ರಮ ಹೀಗಿತ್ತು. ಕಾಲುದಾರಿ ಬೆಟ್ಟವನ್ನು ಬಳಸಿ ಹತ್ತಿ, ಮತ್ತೆ ಊರಿಗೇ ಇಳಿಯುತ್ತಿತ್ತು. ಒಂದು ತುದಿ ಆಫೀಸಿನ ಹಿಂದೆ, ಅಲ್ಲಿಗೆ ಮನೆಯೂ ಹತ್ತಿರ; ಇನ್ನೊಂದು ತುದಿ ಅಂಗಡಿ ಬೀದಿಯಲ್ಲಿ. ಆ ಕಾಡಿನಲ್ಲಿ ಯಂತ್ರದ ಗರಗಸ ಬಳಸುವ ಹಾಗಿರಲಿಲ್ಲ, ಸದ್ದಿಗೆ ಹಕ್ಕಿಗಳು ಗೂಡು ಬಿಡುತ್ತವೆಂದು. ಗಾಳಿ ಬೀಸಿದ ಮರುದಿನ ಭಾವ ಆಫೀಸಿನ ಕಡೆಯಿಂದ, ತಮ್ಮ ಅಂಗಡಿ ಬೀದಿಯ ಕಡೆಯಿಂದ, ಜೇಬಿನಲ್ಲೊಂದು ಗರಗಸ ಮಡಚಿಟ್ಟುಕೊಂಡು ಹೊರಡುತ್ತಿದ್ದರು. ಇಬ್ಬರೂ ಬೆಟ್ಟದ ತಲೆಯ ಮೇಲಿನ ಚಪ್ಪಟೆ ಬಂಡೆಯ ಹತ್ತಿರ ಕೂಡುತ್ತಿದ್ದರು. ಭಾವ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಲೋಟ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಿನ್ನ ಕಡೆ ಸಾಫಾ?” ಸಾಫ್ ಎಂದರೆ ಚಹಾ. ಆಮೇಲೆ ಇಬ್ಬರೂ ಒಂದೇ ದಾರಿಯಲ್ಲಿ ಇಳಿಯುತ್ತಿದ್ದರು. ಒಂದು ವಾರ ಭಾವನ ಕಡೆ, ಒಂದು ವಾರ ತಮ್ಮನ ಕಡೆ. ಒಬ್ಬನ ಕೈ ಮಾಡಿದ್ದನ್ನು ಇನ್ನೊಬ್ಬನ ಕಾಲು ಪರೀಕ್ಷೆ ಮಾಡಬೇಕು ಎನ್ನುವುದು ಭಾವ ಮಾಡಿದ ಕಾನೂನು.

ಭಾವ ಒಳ್ಳೆಯ ಗುರು, ಆದರೆ ನಾಲಿಗೆ ಸ್ವಲ್ಪ ಹರಿತ. ತಮ್ಮನದು ಹುಟ್ಟಾ ಆತುರದ ಕೈ. ಎರಡೂ ತುದಿಗೆ ಆಧಾರ ಸಿಕ್ಕು ನಡುವೆ ಕೆಳಗೆ ಖಾಲಿ ಉಳಿದ ಮರವನ್ನು ಮೇಲಿನಿಂದಲೇ ಕೊಯ್ಯುತ್ತ ಹೋಗಬಾರದು. ಮರ ತನ್ನ ಭಾರಕ್ಕೆ ಕುಗ್ಗಿ, ಸೀಳು ಬಾಯಿ ಮುಚ್ಚಿ ಅಲಗನ್ನು ಹಿಡಿದುಬಿಡುತ್ತದೆ. ಮೇಲೆ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ದುಕೊಂಡು ಬರಬೇಕು. ಇದು ತಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಬಗ್ಗಿ, ಮಂಡಿಯೂರಿ, ಕೆಳಗಿನಿಂದ ಎಳೆಯುವಷ್ಟು ವ್ಯವಧಾನ ಇರಲಿಲ್ಲ. ಒಂದೇ ತಿಂಗಳಲ್ಲಿ ಎರಡು ಅಲಗು ಮುರಿದುಕೊಂಡು ಬಂದಾಗ ಭಾವ ಆಫೀಸಿನಲ್ಲಿ ಎಲ್ಲರ ಎದುರಿಗೆ ಹೇಳಿದ್ದರು: “ಇವನಿಗೆ ಅಲಗು ಕೊಡೋದಕ್ಕಿಂತ ಹಲ್ಲುಕಡ್ಡಿ ಕೊಡೋದು ವಾಸಿ. ಆತುರಗಾರನಿಗೆ ಬುದ್ಧಿ ಮಟ್ಟ.” ಎಲ್ಲರೂ ನಕ್ಕರು, ಮೇಸ್ತ್ರಿಯ ಹೊಟ್ಟೆ ಕುಣಿಯಿತು. ಭಾವ ಅದನ್ನು ಸಂಜೆಯ ಹೊತ್ತಿಗೆ ಮರೆತರು. ತಮ್ಮ ಮರೆಯಲಿಲ್ಲ.

ಅದಾಗಿ ಒಂಬತ್ತು ದಿನಕ್ಕೆ ಎರಡು ದಿನ ಬಿಡದೆ ಗಾಳಿ ಬೀಸಿತು. ಮರುದಿನ ತಮ್ಮನ ಕಡೆ ಒಂಬತ್ತು ಮರ ಅಡ್ಡ ಬಿದ್ದಿದ್ದವು. ಎಂಟು ಕೊಯ್ದ. ಒಂಬತ್ತನೆಯದು ಕೊರಕಲಿನ ಮೇಲಿನ ತಿರುವಿನಲ್ಲಿತ್ತು. ತೊಡೆಗಿಂತ ದಪ್ಪ, ಎರಡಾಳುದ್ದ, ಒದ್ದೆ. ತೋಳು ಸೋತಿತ್ತು, ಹೊತ್ತು ವಾಲಿತ್ತು, ಬಂಡೆಯ ಹತ್ತಿರ ಭಾವ ಕಾಯುತ್ತಿದ್ದರು. ಮೇಲಿನಿಂದಲೇ ಕೊಯ್ದ. ಅರ್ಧಕ್ಕಿಂತ ಹೆಚ್ಚು ಇಳಿಯಿತು, ಇನ್ನೇನು ಆಯಿತು ಅನ್ನುವಾಗ ಮರ ಬಾಯಿ ಮುಚ್ಚಿತು. ಜೋರಾಗಿ ಎಳೆದ. ಟಣ್ ಎಂದು ಅಲಗಿನ ತುದಿ ಮುರಿದು ಒಳಗೇ ಉಳಿಯಿತು. ಮೂರನೆಯ ಅಲಗು!

ನೋಡಿದರೆ ಸೀಳು ಸಂಪೂರ್ಣ ಮುಚ್ಚಿಕೊಂಡು, ದಾರದಷ್ಟು ತೆಳ್ಳಗಿನ ಒಂದು ಗೆರೆ ಮಾತ್ರ ಕಾಣುತ್ತಿತ್ತು. ಅವನು ಬಂಡೆಗಂಟಿದ್ದ ಪಾಚಿ ಕಿತ್ತು, ಕೆಸರಿನ ಜೊತೆ ಆ ಗೆರೆಯ ಮೇಲೆ ಸವರಿದ. ಪುಡಿಯನ್ನು ಕಾಲಿನಿಂದ ಕೊರಕಲಿಗೆ ತಳ್ಳಿದ. ಯಾಕೆ ಎಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ತಪ್ಪು ಮಾಡಿದ ಕೈಗೆ ಮುಚ್ಚುವುದು ತಾನಾಗಿಯೇ ಬರುತ್ತದೆ. ಆ ವಾರ ಇಳಿಯುವ ಸರದಿ ಭಾವನ ಕಡೆಯದು. ನಾಳೆ ಬೆಳಿಗ್ಗೆ ಹೊಸ ಅಲಗು ಹಾಕಿಕೊಂಡು ಬಂದು ಮುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಮರ ದಾಟಿ ಮೇಲೆ ಹತ್ತಿದ.

“ನಿನ್ನ ಕಡೆ ಸಾಫಾ?”

“ಸಾಫ್.”

ಭಾವ ಚಹಾ ಕೊಟ್ಟರು. ತಾವೂ ಕುಡಿದರು. ಲೋಟ ಕೊಡವಿ ಫ್ಲಾಸ್ಕಿಗೆ ಮುಚ್ಚಿ, “ಇವತ್ತು ನೀನೊಬ್ನೇ ನನ್ನ ಕಡೆ ಇಳಿ,” ಅಂದರು. “ನಾನು ನಿನ್ನ ಕಡೆಯಿಂದ ಹೋಗ್ತೀನಿ. ನಿಮ್ಮಕ್ಕನ ಕನ್ನಡಕ ರೆಡಿ ಇದೆಯಂತೆ, ಅಂಗಡಿ ಮುಚ್ಚೋಷ್ಟ್ರಲ್ಲಿ ತಗೋಬೇಕು. ಪಾಪ, ದಾರ ಪೋಣಿಸೋಕೆ ಒದ್ದಾಡ್ತಾಳೆ.”

ಆಗ ಹೇಳಬೇಕಿತ್ತು. ಒಂದೇ ಮಾತು. ಭಾವ, ತಿರುವಿನಲ್ಲಿ ಒಂದು ಬಾಕಿ ಇದೆ. ಅಷ್ಟು ಹೇಳುವುದಕ್ಕೆ ಎಷ್ಟು ಉಸಿರು ಬೇಕು? ನಾಲಿಗೆ ಹೊರಳಲಿಲ್ಲ. ನೋಡಿದರೆ ದಾಟಿಕೊಂಡು ಹೋಗುತ್ತಾರೆ, ನಾಳೆ ಬೈಯುತ್ತಾರೆ, ಬೈಸಿಕೊಂಡರಾಯಿತು ಎಂದು ಅವನು ಲೋಟದ ತಳದ ಚಹಾಪುಡಿ ನೋಡುತ್ತ ಕೂತ. ತಲೆ ಎತ್ತಿದಾಗ ಭಾವನ ಬೆನ್ನು ಮರಗಳ ಮಧ್ಯೆ ಇಳಿದುಹೋಗಿತ್ತು.

ಆದರೆ ಭಾವ ದಾಟಿಕೊಂಡು ಹೋಗುವ ಜಾತಿಯವರಲ್ಲ. ತಮ್ಮ ಸಾಫ್ ಅಂದಿದ್ದಾನೆ. ಹಾಗಿದ್ದರೆ ಇದು ಅವನು ಬಂದ ಮೇಲೆ ಬಿದ್ದ ಮರ, ಇಡೀ ಮರ. ಹಾಗೆಂದು ನಂಬಿ ಅವರು ಗರಗಸ ಬಿಚ್ಚಿದ್ದಾರೆ. ನಿಯಮದ ಪ್ರಕಾರ ಮೇಲೆ ಸ್ವಲ್ಪ ಕೊಯ್ದು, ಮಂಡಿಯೂರಿ ಕೆಳಗಿನಿಂದ ಶುರು ಮಾಡಿದ್ದಾರೆ. ಅರ್ಧಕ್ಕಿಂತ ಹೆಚ್ಚು ಕೊಯ್ದಿದ್ದ, ಪಾಚಿ ಸವರಿದ್ದ ಗಾಯ ಒಂದು ಗೇಣು ಪಕ್ಕದಲ್ಲಿದ್ದದ್ದು ಅವರಿಗೆ ಗೊತ್ತೇ ಆಗಿಲ್ಲ. ಮರ ಅವರು ಎಣಿಸಿದ್ದಕ್ಕಿಂತ ಬಹಳ ಮುಂಚೆ ಮುರಿದು, ಅವರ ಮೇಲೆ ಉರುಳಿ, ಕೊರಕಲಿಗೆ ಬಿತ್ತು. ಮರುದಿನ ಬೆಳಿಗ್ಗೆ ಭಾವ ಸಿಕ್ಕರು. ಹಿಡಿಗೆ ಕೆಂಪು ಟೇಪು ಸುತ್ತಿದ್ದ ಅವರ ಗರಗಸ ಸಿಗಲಿಲ್ಲ.

“ನಾನು ಬರುವಾಗ ಆ ಮರ ಬಿದ್ದಿರ್ಲಿಲ್ಲ,” ಎಂದು ತಮ್ಮ ಹೇಳಿದ. ಎಲ್ಲರೂ ನಂಬಿದರು. ಗಾಳಿಯ ದಿನ, ನಂಬದೆ ಏನು? ಕೊರಕಲಿಗೆ ಇಳಿದು ಮರದ ಮುಖ ನೋಡಲು ಯಾರಿಗೂ ಹೊಳೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತು ಎಲ್ಲೂ ಹೋಗುವುದಿಲ್ಲ ಎನ್ನುವುದನ್ನು ತಮ್ಮ ಆ ಹನ್ನೊಂದು ತಿಂಗಳಲ್ಲಿ ಕಲಿತ.

ಮನೆಯಲ್ಲಿ ಅವನು ಮತ್ತು ಅಕ್ಕ ಇಬ್ಬರೇ. ಎರಡು ಕೋಣೆ, ಕಿಟಕಿಯ ಹತ್ತಿರ ಅಕ್ಕನ ಹೊಲಿಗೆ ಯಂತ್ರ, ಬಾಗಿಲ ಹಿಂದೆ ಮೂರು ಮೊಳೆ. ಒಂದರಲ್ಲಿ ತಮ್ಮನ ಕೋಟು, ಒಂದರಲ್ಲಿ ಅಕ್ಕನ ಶಾಲು, ನಡುವಿನದು ಖಾಲಿ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಸಾಕಿದವಳು ಅಕ್ಕ. ಮದುವೆಯಾದಾಗ ಅವನನ್ನೂ ಕೈಹಿಡಿದುಕೊಂಡೇ ಗಂಡನ ಮನೆಗೆ ಬಂದಿದ್ದಳು. “ಹೆಂಡತಿ ಜೊತೆ ಭಾವಮೈದ ಪುಕ್ಕಟೆ,” ಎಂದು ಭಾವ ನಕ್ಕು ಒಳಗೆ ಕರೆದುಕೊಂಡಿದ್ದರು. ಅವಳಿಗೆ ಇದು ಗೊತ್ತಾದರೆ ಅವನಿಗೆ ಈ ಲೋಕದಲ್ಲಿ ತನ್ನವರು ಅಂತ ಯಾರೂ ಉಳಿಯುವುದಿಲ್ಲ. ಅದೊಂದೇ ಅವನ ಭಯ. ಜೈಲಿಗೂ ಅವನು ಅಷ್ಟು ಹೆದರಿರಲಿಲ್ಲ.

ಹೊಸ ಕನ್ನಡಕ ತಿಂಗಳುಗಟ್ಟಲೆ ಅಂಗಡಿಯಲ್ಲೇ ಉಳಿಯಿತು. ಅಕ್ಕನೂ ಹೋಗಲಿಲ್ಲ, ತಮ್ಮನಿಗೂ ಆ ಅಂಗಡಿಯ ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಒಂದು ಕಡ್ಡಿಗೆ ದಾರ ಸುತ್ತಿದ ಹಳೆಯದನ್ನೇ ಹಾಕಿಕೊಂಡು ಸೂಜಿಯನ್ನು ದೂರ ಹಿಡಿದು, “ತಮ್ಮಾ, ಇದೊಂದು ಪೋಣಿಸಿ ಕೊಡೋ,” ಎನ್ನುತ್ತಿದ್ದಳು. ದಿನಾ ಸಂಜೆ ಅವನು ಪೋಣಿಸಿ ಕೊಡುತ್ತಿದ್ದ. ಪ್ರತಿ ಸಲವೂ ಸೂಜಿ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಿತ್ತು. ಈಚೆಗೆ ಕೆಲವು ವಾರಗಳಿಂದ ಅವಳು ಪೋಣಿಸಿ ಕೊಡು ಎಂದು ಕೇಳುವುದನ್ನು ಬಿಟ್ಟಿದ್ದಳು. ಅಭ್ಯಾಸವಾಗಿರಬೇಕು ಎಂದುಕೊಂಡು ಅವನು ಒಳಗೊಳಗೇ ಹಗುರಾಗಿದ್ದ. ಮಂಡಿ ಹಿಡಿಯುತ್ತದೆ, ನಡೆಯಬೇಕು ಅಂದಿದ್ದಾರೆ ಡಾಕ್ಟರು ಎಂದು ಅವಳು ಬೆಳಗಿನ ಹೊತ್ತು ಹೊರಗೆ ಹೋಗಿ ಬರುವುದನ್ನೂ ಶುರು ಮಾಡಿದ್ದಳು.

ಒಂದು ಪ್ರಶ್ನೆಯನ್ನು ಮಾತ್ರ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆಯಾದರೂ, ಬಟ್ಟೆಯಿಂದ ತಲೆ ಎತ್ತದೆ ಕೇಳುತ್ತಿದ್ದಳು.

“ಆವತ್ತು ಬಂಡೆ ಹತ್ರ ನಿಮ್ಮ ಭಾವ ಏನಂದ್ರು?”

“ಕನ್ನಡಕ ತಗೊಂಡು ಬರ್ತೀನಿ ಅಂದ್ರು.”

“ನೀನೇನಂದೆ?”

“ಹೂಂ ಅಂದೆ.”

ಅಷ್ಟಕ್ಕೆ ಯಂತ್ರ ಮತ್ತೆ ಕಟಕಟ ಎನ್ನುತ್ತಿತ್ತು. ಆ ‘ಹೂಂ’ ಬಿಸಿ ತುಪ್ಪದ ಹಾಗೆ ಗಂಟಲಲ್ಲೇ ನಿಂತಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈಗ ಈ ಕಲ್ಲುಗಳು. ಮೊದಲನೆಯದು ಅಂಗಡಿ ಬೀದಿ ದಾಟಿದ ಕೂಡಲೇ ಸಿಕ್ಕಿತ್ತು. ಎರಡನೆಯದು ಸ್ವಲ್ಪ ಮೇಲೆ, ಮೂರನೆಯದು ಇನ್ನೂ ಮೇಲೆ. ಮಂಗಳವಾರ ಸಿಕ್ಕಿದ್ದು ಕೊರಕಲಿನ ತಿರುವಿಗೆ ಕೂಗಳತೆಯಲ್ಲಿತ್ತು. ಯಾರೋ ಅವನ ಕಡೆಯ ದಾರಿಯನ್ನು ಸಾಫ್ ಮಾಡುತ್ತ, ಒಂದೊಂದೇ ಮರ ಮುಗಿಸುತ್ತ, ಆ ತಿರುವಿಗೇ ಬರುತ್ತಿದ್ದರು. ಅವನಿಗೆ ಊಟ ಸೇರದಾಯಿತು. ಹಾಡಹಗಲೇ ದಾರಿಯಲ್ಲಿ ನಿಂತು ಕಿವಿಗೊಡುತ್ತಿದ್ದ. ಭಾವನ ಗರಗಸದ ಸದ್ದು ಅವನಿಗೆ ಗೊತ್ತು. ಆತುರವಿಲ್ಲದ ಉದ್ದನೆಯ ಎಳೆತ, ನಡುನಡುವೆ ಬೀಡಿ ಸೇದುವವರ ಹಾಗೆ ಒಂದು ಬಿಡುವು. ಗಾಳಿಗೆ ಎರಡು ಕೊಂಬೆ ಉಜ್ಜಿದರೂ ಅದೇ ಕೇಳಿಸುತ್ತಿತ್ತು.

ಶನಿವಾರ ಮೇಸ್ತ್ರಿ ಕರೆದು ಹೇಳಿದ: “ಸೋಮವಾರದಿಂದ ಕೊರಕಲಿನ ತಿರುವಿಗೆ ಮೆಟ್ಟಿಲು ಹಾಕಿಸ್ತಾ ಇದ್ದೀನಿ. ಕೆಳಗೆ ಬಿದ್ದಿರೋ ಮರಗಳನ್ನೆಲ್ಲ ಹಗ್ಗ ಹಾಕಿ ಎತ್ತಿಸ್ತೀನಿ, ಮೆಟ್ಟಿಲಿಗೆ ಅದೇ ಆಗತ್ತೆ. ಆ ಮರಾನೂ ಬಿಡಲ್ಲ. ನಿನ್ನ ಭಾವನ್ನ ತಿಂದ ಮರ ಮೆಟ್ಟಿಲಾಗಿ ಬಿದ್ದಿರ್ಲಿ, ಬಂದವರೆಲ್ಲ ತುಳೀಲಿ.”

ಮೇಸ್ತ್ರಿಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಮರದ ಮುಖದಲ್ಲಿ ಬಲಕ್ಕೆ ವಾಲಿದ ಸೀಳಿದೆ, ಅದರೊಳಗೆ ತಮ್ಮನ ಅಲಗಿನ ತುದಿಯಿದೆ. ಹಗ್ಗ ಕಟ್ಟುವವನು ಕುರುಡನಾಗಿದ್ದರೂ ಕೈಗೆ ಸಿಗುತ್ತದೆ.

ಭಾನುವಾರ ಬೆಳಿಗ್ಗೆ ಅಕ್ಕ ಆಗಲೇ ನಡೆಯಲು ಹೋಗಿದ್ದಳು. ತಮ್ಮ ಗರಗಸ ಜೇಬಿಗೆ ಹಾಕಿಕೊಂಡು ಹೊರಟ. ಬೆಟ್ಟದ ತುಂಬ ಮಂಜು. ಹತ್ತು ಹೆಜ್ಜೆ ಆಚೆಯ ಮರ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ತಿರುವಿನಲ್ಲಿ ಬೇರು ಹಿಡಿದುಕೊಂಡು ಕೊರಕಲಿಗೆ ಇಳಿದ. ಹನ್ನೊಂದು ತಿಂಗಳಲ್ಲಿ ಅವನು ಅಲ್ಲಿಗೆ ಇಳಿದದ್ದು ಅದೇ ಮೊದಲು.

ಮರ ಅಲ್ಲೇ ಇತ್ತು. ಮುರಿದ ತುದಿ ಒಂದು ಬಂಡೆಯ ಮೇಲೆ, ಇನ್ನೊಂದು ತುದಿ ಮಣ್ಣಿನಲ್ಲಿ, ನಡುವೆ ಕೆಳಗೆ ಖಾಲಿ. ಮುಖದ ಮೇಲರ್ಧ ನುಣುಪು, ಕೆಳಗೆ ಸಿಗಿದು ಹರಿದ ನಾರು. ಒಂದು ಗೇಣು ಈಚೆಗೆ ಭಾವನ ಸೀಳು, ಎರಡು ಬೆರಳಿನಷ್ಟು ಆಳ, ಎಡಕ್ಕೆ ವಾಲಿದ್ದು. ಅದನ್ನು ನೋಡಲಾಗದೆ ತಮ್ಮ ಮುಖ ತಿರುಗಿಸಿದ. ತುದಿಯಿಂದ ಒಂದು ಮೊಳ ಬಿಟ್ಟು ತುಂಡು ಮಾಡಿ, ಆ ತುಂಡನ್ನು ಇನ್ನೂ ಕೆಳಗಿನ ಹಳ್ಳಕ್ಕೆ ಉರುಳಿಸಿದರೆ ಮುಗಿಯಿತು. ಅಲಗು ಬಿಚ್ಚಿದ. ಟಿಕ್ ಎಂದಿತು. ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಎಳೆಯತೊಡಗಿದ.

ಹದಿನಾಲ್ಕು ವರ್ಷದ ಕೆಲಸ, ಒಂದು ಸಾವು, ಯಾವುದೂ ಆ ಕೈಗೆ ಬುದ್ಧಿ ಕಲಿಸಿರಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಮರ ಬಾಯಿ ಮುಚ್ಚಿ ಅಲಗನ್ನು ಕಚ್ಚಿತು. ಎಳೆದ, ಬರಲಿಲ್ಲ. ಒದ್ದ, ಬರಲಿಲ್ಲ. ಬಗ್ಗಿ ನೋಡುವಾಗಲೇ ಅದು ಕಣ್ಣಿಗೆ ಬಿದ್ದದ್ದು. ಮುರಿದ ಮುಖದ ಮೇಲಂಚಿನಲ್ಲಿ, ಪಾಚಿ ಕೆರೆದು ಸ್ವಚ್ಛ ಮಾಡಿದ ಜಾಗದಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಒಂದು ಕಲ್ಲು. ಅದರ ಕೆಳಗೆ ಅಲಗಿನ ತುದಿ ಕಚ್ಚಿಕೊಂಡಿದ್ದ ಕಡೆ ತುಕ್ಕಿನ ಗುರುತು ಇತ್ತು. ತುದಿ ಇರಲಿಲ್ಲ.

“ಮೇಲಿಂದ್ಲೇ ಕುಯ್ಬೇಡ. ಹಲ್ಲು ಕಚ್ಕೊಳತ್ತೆ.”

ಮಾತು ಬಂದದ್ದು ಮೇಲ್ಗಡೆ ದಿಬ್ಬದಿಂದ. ಭಾವ ಸಾವಿರ ಸಲ ಹೇಳಿದ ಅದೇ ಮಾತು, ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನಿಗೆ ಮಾತು ಕೇಳಿಸಿತೇ ಹೊರತು ದನಿ ಯಾರದೆಂದು ಕೇಳಿಸಲಿಲ್ಲ. ಮಂಜಿನಲ್ಲಿ ತಲೆ, ಬಾಯಿ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡ ಒಂದು ಆಕಾರ ನಿಂತಿತ್ತು. ಎಡಗೈಯಲ್ಲಿ ಬಿಚ್ಚಿದ ಗರಗಸ. ಹಿಡಿಗೆ ಸುತ್ತಿದ ಕೆಂಪು ಟೇಪು.

ತಮ್ಮ ಮರದ ಪಕ್ಕ ಮಂಡಿಯೂರಿದ. ಹನ್ನೊಂದು ತಿಂಗಳು ಕಟ್ಟಿಹಾಕಿದ್ದ ಮಾತು ಕಟ್ಟೆಯೊಡೆದು ಬಂತು.

“ಭಾವ, ಸಾಫ್ ಆಗಿರ್ಲಿಲ್ಲ ಭಾವ. ಸುಳ್ಳು ಹೇಳ್ದೆ. ಅಲಗು ಮುರೀತು, ಮತ್ತೆ ಎಲ್ಲರ ಮುಂದೆ ನಗ್ತೀರ ಅಂತ ಹೇಳ್ಲಿಲ್ಲ. ನೀವು ಈ ಕಡೆ ಹೊರಟಾಗ್ಲೂ ಹೇಳ್ಲಿಲ್ಲ. ನಿಮಗೆ ಕಾಣಬಾರ್ದು ಅಂತ ಪಾಚಿ ಸವರಿದ್ದೆ ಭಾವ, ನಾನೇ ಸವರಿದ್ದೆ...”

ಆಕಾರ ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಕೆಳಗಿಳಿಯಿತು. ಹತ್ತಿರ ಬಂದಾಗ ಕನ್ನಡಕದ ಗಾಜು ಮಿನುಗಿತು. ಹೊಸ ಕನ್ನಡಕ, ಎರಡೂ ಕಡ್ಡಿ ನೆಟ್ಟಗಿದ್ದವು. ಬಟ್ಟೆಯೆಂದರೆ ಬಾಗಿಲ ಹಿಂದಿನ ಮೊಳೆಯ ಶಾಲು.

“ಅವರಿಗೆ ಹೇಳಿದ್ದಾಯ್ತು,” ಎಂದಳು ಅಕ್ಕ. “ನನಗೆ ಯಾವಾಗ ಹೇಳ್ತೀಯ?”

ಅವಳು ಎದುರಿಗೆ ಮರದ ಮೇಲೆ ಕೂತಳು.

“ಒಂದು ತಿಂಗಳ ಹಿಂದೆ ಹೋಗಿ ಕನ್ನಡಕ ತಗೊಂಡೆ, ಮನೇಲಿ ನಿನ್ನೆದುರು ಮಾತ್ರ ಹಾಕ್ಕೊಳ್ಲಿಲ್ಲ. ಅಂಗಡೀಲೇ ಹಾಕ್ಕೊಂಡು ಈ ದಾರೀಲೇ ವಾಪಸ್ ಬಂದೆ, ಅವರು ಬರ್ಬೇಕಿದ್ದ ದಾರೀಲಿ. ಇಲ್ಲಿ ಇಳಿದು ನೋಡ್ದೆ. ಎಲೆ ಕೆಳಗೆ ಅವರ ಗರಗಸ ಸಿಕ್ತು. ಮರದಲ್ಲಿ ಇದು ಸಿಕ್ತು.” ಶಾಲಿನ ಗಂಟು ಬಿಚ್ಚಿ ಅಲಗಿನ ತುದಿ ತೋರಿಸಿದಳು. “ಬಲಗೈ ಸೀಳು ಯಾರದು ಅಂತ ನನಗೂ ಗೊತ್ತಾಗತ್ತೆ ಕಣೋ. ಮದುವೆಯಾದ ಹೊಸದ್ರಲ್ಲಿ ಅವರ ಜೊತೆ ಎರಡು ವರ್ಷ ಈ ದಾರೀಲಿ ಕುಯ್ದೋಳು ನಾನು. ಅವರನ್ನ ನೋಡ್ಕೊಂಡು ಕಲಿತೆ, ಅದಕ್ಕೇ ಇದೊಂದು ಕೆಲಸಕ್ಕೆ ನನಗೂ ಎಡಗೈಯೇ. ನೀನು ಸ್ಕೂಲಿಗೆ ಹೋಗ್ತಿದ್ದೆ, ನಿನಗೇನು ಗೊತ್ತು.”

“ಹಾಗಾದ್ರೆ... ಆ ಮರಗಳು...”

“ನಾನೇ. ನೀನು ನೋಡ್ತೀಯ, ಮನೆಗೆ ಬಂದು ಹೇಳ್ತೀಯ ಅಂದ್ಕೊಂಡೆ. ಅಕ್ಕಾ, ಯಾರೋ ಭಾವನ ಹಾಗೇ ಕುಯ್ತಿದ್ದಾರೆ ಅಂತಾದ್ರೂ ಹೇಳ್ತೀಯ, ಅದರ ಹಿಂದೆ ಇದೂ ಬರತ್ತೆ ಅಂತ ಕಾದೆ. ಐದು ಸಲ ಕಾದೆ. ಅದನ್ನೂ ಹೇಳ್ಲಿಲ್ಲ. ಊಟ ಮಾಡದೆ ಒಣಗಿದೆ, ಬಾಯಿ ಬಿಡಲಿಲ್ಲ. ಅಲಗು ಮುರೀತು, ಹೆದರಿ ಹೇಳ್ಲಿಲ್ಲ ಅಂತ ನಾನೇ ಅಂದಾಜು ಮಾಡ್ಕೊಂಡಿದ್ದೆ. ಹೆದರೋದು ನಿನ್ನ ಹುಟ್ಟುಗುಣ, ಸಾಕಿದೋಳಿಗೆ ಗೊತ್ತಿಲ್ವಾ. ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಆದ್ರೆ ಪಾಚಿ... ಅದು ತಾನಾಗಿ ಬೆಳೆದಿದ್ದು ಅಂದ್ಕೊಂಡಿದ್ನಲ್ಲೋ. ಪಾಚಿ ಸವರಿದ್ಯಾ ತಮ್ಮಾ?”

“ಹೂಂ.”

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳು ಅತ್ತಳು. ಅವನು ಅವಳನ್ನು ಮುಟ್ಟಲು ಹೋಗಲಿಲ್ಲ. ಮುಟ್ಟುವ ಅಧಿಕಾರ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಮಂಡಿಯೂರಿದಲ್ಲೇ ಕೂತು, ಈ ಸಲ ಅವಳ ಮುಖ ನೋಡಿಕೊಂಡು, ಮೊದಲಿನಿಂದ ಹೇಳಿದ. ಹಲ್ಲುಕಡ್ಡಿಯ ಮಾತು, ಒಂಬತ್ತನೆಯ ಮರ, ಪಾಚಿ, ಲೋಟದ ತಳ, ಇಳಿದುಹೋದ ಬೆನ್ನು. ಒಂದನ್ನೂ ಬಿಡಲಿಲ್ಲ. ಮುಗಿಯುವ ಹೊತ್ತಿಗೆ ಮಂಜು ಅರ್ಧ ಕರಗಿತ್ತು.

ಅಕ್ಕ ಎದ್ದಳು. ಕಣ್ಣೊರೆಸಿಕೊಂಡು ಕನ್ನಡಕ ಹಾಕಿದಳು. ದಿಬ್ಬದ ಕಡೆಗೆ ಸರಿದು ನಿಂತು, ಬಗ್ಗಿ, ಎಡಗೈಯಿಂದ ಮರವನ್ನು ಕೆಳಗಿನಿಂದ ಕೊಯ್ಯತೊಡಗಿದಳು. ಆತುರವಿಲ್ಲದ ಉದ್ದನೆಯ ಎಳೆತ, ನಡುವೆ ಒಂದು ಬಿಡುವು. ಸ್ವಲ್ಪ ಹೊತ್ತಿಗೆ ಸೀಳು ಬಾಯಿ ಬಿಟ್ಟು, ಕಚ್ಚಿಕೊಂಡಿದ್ದ ಅವನ ಅಲಗು ಸಡಿಲವಾಯಿತು. ಮೊಳದುದ್ದದ ತುಂಡು ಬಂಡೆಯಿಂದ ಜಾರಿ ಅವನ ಕಾಲ ಬಳಿ ಬಿತ್ತು.

“ಹೊತ್ಕೋ,” ಎಂದಳು. “ನಾಳೆ ಮೇಸ್ತ್ರಿ ಮೇಜಿನ ಮೇಲೆ ಇದನ್ನಿಟ್ಟು, ನನಗೆ ಹೇಳಿದ ಹಾಗೇ ಅವನಿಗೂ ಹೇಳ್ಬೇಕು. ಅಲಗಿನ ತುದೀನೂ ಕೊಡು. ಏನಾಗತ್ತೋ ಆಗ್ಲಿ.”

ಅವನು ತುದಿ ತೆಗೆದುಕೊಂಡ. ಅಕ್ಕ ತುಂಡಿನ ಮೇಲಿಂದ ಉರುಳಿದ ಪುಟ್ಟ ಕಲ್ಲನ್ನು ಹುಡುಕಿ ಶಾಲಿನ ತುದಿಗೆ ಕಟ್ಟಿಕೊಂಡಳು. “ಇದನ್ನ ಇಡೋ ಹೊತ್ತು ಇನ್ನೂ ಬಂದಿಲ್ಲ. ಅವಸರಪಟ್ಟು ಇಟ್ಟಿದ್ದೆ,” ಅಂದಳು.

ಬೇರು ಹಿಡಿದು ಇಬ್ಬರೂ ದಾರಿಗೆ ಹತ್ತಿದರು. ತುಂಡು ಹೆಗಲಿಗೆ ಒತ್ತುತ್ತಿತ್ತು. ಮೇಲೆ ಬಂದು ಉಸಿರು ತಿರುಗಿಸಿಕೊಂಡ ಮೇಲೆ ಅಕ್ಕ ಬಂಡೆಯ ಕಡೆ ನೋಡಿ ಕೇಳಿದಳು:

“ಬಂಡೆವರೆಗೆ ನಿನ್ನ ಕಡೆ ಸಾಫಾ?”

‘ಸಾಫ್’ ಎನ್ನುವುದು ಅವನ ತುಟಿಗೆ ಬಂದೇಬಿಟ್ಟಿತ್ತು. ಹದಿನಾಲ್ಕು ವರ್ಷದ ರೂಢಿ.

“ಇಲ್ಲ ಅಕ್ಕ,” ಎಂದ. “ಬಂಡೆಗೆ ಮುಂಚೆ ಒಂದಿದೆ. ನಿನ್ನೆ ದಾಟ್ಕೊಂಡು ಬಂದೆ.”

ಅಕ್ಕ ಅವನ ಮುಖವನ್ನು ದಿಟ್ಟಿಸಿ ನೋಡಿದಳು, ಹೊಸ ಗಾಜಿನಿಂದ ಮೊದಲ ಸಲ ನೋಡುತ್ತಿರುವವಳ ಹಾಗೆ. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

“ನಡಿ ಹಾಗಾದ್ರೆ, ನೀನು ಮುಂದೆ ಹೋಗು,” ಎಂದಳು. “ಇನ್ಮೇಲೆ ನೀನು ಕುಯ್ದಿದ್ದನ್ನ ನಾನು ನಡೆದು ನೋಡ್ತೀನಿ.”

ಅವನು ಮುಂದೆ ನಡೆದ. ಹಿಂದೆ ಅಕ್ಕನ ಚಪ್ಪಲಿಯ ಸದ್ದು ಬರುತ್ತಿತ್ತು. ಅವನು ಹಿಂದೆ ಕೊಯ್ದಿದ್ದ ಮರಗಳ ಬಳಿ ಅದು ಎರಡು ಕಡೆ ನಿಂತಿತು. ಎರಡು ಸಲವೂ ಅವನು ತಿರುಗಿ ನೋಡದೆ, ಅದು ಮತ್ತೆ ಕೇಳಿಸುವವರೆಗೆ ಕಾದು ನಿಂತ.